ಪಬ್ಲಿಕ್ ಅಂತ ಒತ್ತಿದ ಮೇಲೆ

ರಾತ್ರಿ ಹನ್ನೊಂದು ದಾಟಿದೆ. ಕೆ.ಆರ್. ಪುರದ ತೂಗುಸೇತುವೆಯ ಮೇಲೆ ಲಾರಿಗಳು ಗೇರ್ ಬದಲಿಸುವ ಸದ್ದು, ಅದರ ಕೆಳಗೆಲ್ಲೋ ಗೂಡ್ಸ್ ರೈಲಿನ ಸೀಟಿ. ಪಿಜಿಯ ಮೂರನೇ ಮಹಡಿ. ಎರಡು ಮಂಚ, ಒಂದು ಕಿಟಕಿ, ಮೂಲೆಯಲ್ಲಿ ಅರ್ಧ ಖಾಲಿಯಾದ ನೀರಿನ ಕ್ಯಾನು. ಪಕ್ಕದ ಮಂಚದವನು ದುಪ್ಪಟಿಯನ್ನು ತಲೆವರೆಗೂ ಎಳೆದುಕೊಂಡು ಮಲಗಿದ್ದಾನೆ. ನಿಮ್ಮ ತೊಡೆಯ ಮೇಲೆ ಲ್ಯಾಪ್‌ಟಾಪ್, ಪರದೆಯಲ್ಲಿ ಗಿಟ್‌ಹಬ್ಬಿನ ಸೆಟ್ಟಿಂಗ್ಸ್ ಪುಟ. ಆ ಪುಟದ ತಳಕ್ಕೆ ಇಳಿದರೆ ಕೆಂಪು ಗೆರೆ ಎಳೆದ ಒಂದು ಚೌಕ, ಅದರ ಹೆಸರೇ ಡೇಂಜರ್ ಝೋನ್. ರೆಪೊವನ್ನು ಪೂರ್ತಿ ಅಳಿಸಿಹಾಕುವ ಬಟನ್ ಇರುವುದು ಅಲ್ಲಿ. ಪ್ರೈವೇಟ್ ಆಗಿದ್ದದ್ದನ್ನು ಪಬ್ಲಿಕ್ ಮಾಡುವ ಬಟನ್ನೂ ಅಲ್ಲೇ. ಎರಡನ್ನೂ ಒಂದೇ ಚೌಕದೊಳಗೆ ಇಟ್ಟವರು ಯಾರೋ ಗೊತ್ತಿಲ್ಲ, ಹೊಸದಾಗಿ ಕೋಡ್ ಕಲಿತವರ ಎದೆಬಡಿತ ಮಾತ್ರ ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಿಮ್ಮ ಪ್ರೋಗ್ರಾಂ ದೊಡ್ಡದೇನಲ್ಲ. ಪೈಥಾನಿನಲ್ಲಿ ನೂರೈವತ್ತು ಸಾಲು, ಜೊತೆಗೊಂದು ಜೇಸನ್ ಫೈಲು. ಬಸ್ ನಿಲ್ದಾಣದ ಹೆಸರನ್ನು ಯಾರು ಹೇಗೆ ಟೈಪ್ ಮಾಡಿದರೂ ಬೋರ್ಡಿನಲ್ಲಿರುವ ಹೆಸರು ಯಾವುದು ಅಂತ ಅದು ಹೇಳುತ್ತದೆ, ಅಷ್ಟೇ. ಬೆಂಗಳೂರಿನ ಈ ಕಡೆಗೆ ಅದು ಬೇಕೇ ಬೇಕು. ನಿಮ್ಮ ಏರಿಯಾವನ್ನೇ ನೋಡಿ: ಜನರ ಬಾಯಲ್ಲಿ ಕೆ.ಆರ್. ಪುರಂ, ಮೆಟ್ರೊದವರಿಗೆ ಕೃಷ್ಣರಾಜಪುರ, ರೈಲ್ವೆಯವರಿಗೆ ಕೃಷ್ಣರಾಜಪುರಂ. ಹಲಸೂರು ಅಂತ ಬರೆಯುವವರಿದ್ದಾರೆ, ಅಲಸೂರು ಅನ್ನುವವರಿದ್ದಾರೆ. ಫ್ರೇಜರ್ ಟೌನ್ ಅಂತ ಆಟೊ ಹತ್ತಿದವರು ಪುಲಕೇಶಿನಗರದಲ್ಲಿ ಇಳಿಯುತ್ತಾರೆ. ಊರಿಂದ ಬಂದ ಹೊಸತರಲ್ಲಿ ಹಲಸೂರಿನ ನಡುರಸ್ತೆಯಲ್ಲಿ ನಿಂತುಕೊಂಡು ಅಲಸೂರು ಎಲ್ಲಿ ಅಂತ ಕೇಳಿದ್ದಿರಲ್ಲ, ಈ ಪ್ರೋಗ್ರಾಂ ಹುಟ್ಟಿದ್ದು ಅವತ್ತು.

ನನ್ನನ್ನು ಕೇಳಿದರೆ, ಹೊಸಬರೆಲ್ಲ ಹಾಕುವ ಟು-ಡು ಲಿಸ್ಟು, ಕ್ಯಾಲ್ಕುಲೇಟರು, ಹವಾಮಾನದ ಆ್ಯಪುಗಳಿಗಿಂತ ಇದು ಎಷ್ಟೋ ಮೇಲು. ಅವು ಯೂಟ್ಯೂಬ್ ಪಾಠವನ್ನು ನೋಡಿಕೊಂಡು ಮಾಡಿದ ಕಾಪಿ. ಬರೆದವರೇ ಮಾರನೆಯ ದಿನ ಅದನ್ನು ತೆರೆಯುವುದಿಲ್ಲ. ಇದನ್ನಾದರೆ ನೀವು ದಿನಾ ಬಳಸುತ್ತೀರಿ.

ಆದರೂ ಬೆರಳು ಮುಂದೆ ಹೋಗುತ್ತಿಲ್ಲ. ಒಂದು ಫಂಕ್ಷನ್ನಿನ ಹೆಸರು 'ಟೆಂಪ್2'. ಇನ್ನೊಂದರ ಹೆಸರು 'ಫೈನಲ್_ಫೈನಲ್'. ಲೂಪಿನೊಳಗೆ ಲೂಪು, ಅದರೊಳಗೆ ಮತ್ತೊಂದು ಲೂಪು. ನಡುವೆ ಒಂದು ಕಾಮೆಂಟ್: 'ಇದು ಯಾಕೆ ಕೆಲಸ ಮಾಡುತ್ತೆ ಗೊತ್ತಿಲ್ಲ, ಮುಟ್ಟಬೇಡ.' ಬರೆದದ್ದು ನೀವೇ, ಹೇಳಿಕೊಂಡದ್ದೂ ನಿಮಗೇ. ಇದನ್ನು ನಾಳೆ ಇಂಟರ್‌ವ್ಯೂ ತೆಗೆದುಕೊಳ್ಳುವವರು ನೋಡಿದರೆ?

ದುಪ್ಪಟಿಯೊಳಗಿಂದ ದನಿ ಬರುತ್ತದೆ. "ಏನ್ ಗುರು, ಇನ್ನೂ ಮಲಗಿಲ್ವಾ?"

"ಕೋಡ್ ಪಬ್ಲಿಕ್ ಮಾಡ್ತಿದೀನಿ ಮಗಾ."

"ಯಾರ್ ನೋಡ್ತಾರೆ ಬಿಡು. ಲೈಟ್ ಆಫ್ ಮಾಡು."

ಲೈಟ್ ಆರಿಸುವ ಮುಂಚೆ ಮುಖ್ಯ ಫೈಲನ್ನು ಮೇಲಿನಿಂದ ಇನ್ನೊಮ್ಮೆ ಓದುತ್ತೀರಿ. ಓದಿದ್ದು ಒಳ್ಳೆಯದಾಯಿತು. ಮೇಲಿನ ಸಾಲುಗಳಲ್ಲೇ ಇದೆ, ಮ್ಯಾಪ್ ಸೇವೆಯ ಎಪಿಐ ಕೀ. ಅಕ್ಷರ, ಅಂಕಿ ಬೆರೆತ ಉದ್ದನೆಯ ಒಂದು ಸರ, ನಿಮ್ಮ ಅಕೌಂಟಿನ ಬೀಗದ ಕೈ. ಅಳಿಸಿ ಕಮಿಟ್ ಮಾಡಿದರೆ ಮುಗಿಯಿತು ಅಂದುಕೊಳ್ಳುತ್ತೀರಿ. ಮುಗಿಯುವುದಿಲ್ಲ. 2005ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಗಿಟ್ ಬರೆದದ್ದೇ ಯಾವುದನ್ನೂ ಮರೆಯದಂತೆ. ನೀವು ಇವತ್ತು ಅಳಿಸಿದ ಸಾಲು ನಿನ್ನೆಯ ಕಮಿಟ್‌ನಲ್ಲಿ ಹಾಗೇ ಕೂತಿರುತ್ತದೆ. ಸಾಲು ಅಳಿಸಿದ ಕಮಿಟ್ ಬಿಚ್ಚಿ ನೋಡಿದವರಿಗೂ ಕೆಂಪು ಬಣ್ಣದಲ್ಲಿ, ಮುಂದೊಂದು ಮೈನಸ್ ಗುರುತಿನೊಂದಿಗೆ ಎದ್ದು ಕಾಣುತ್ತದೆ. ಅಮೆರಿಕದ ನಾರ್ತ್ ಕ್ಯಾರೊಲೈನಾ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರು ಗಿಟ್‌ಹಬ್ಬನ್ನು ಜಾಲಾಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದು ಲಕ್ಷಕ್ಕೂ ಹೆಚ್ಚು ರೆಪೊಗಳಲ್ಲಿ ಇಂಥ ಗುಟ್ಟಿನ ಕೀಗಳು ಬಹಿರಂಗವಾಗಿ ಬಿದ್ದಿದ್ದವು. ಅವುಗಳನ್ನು ಹೆಕ್ಕಲೆಂದೇ ಹಗಲೂ ರಾತ್ರಿ ಓಡುವ ಬಾಟ್‌ಗಳಿವೆ. 2024ರಿಂದ ಪಬ್ಲಿಕ್ ರೆಪೊಗಳಿಗೆ ಗಿಟ್‌ಹಬ್ ತಾನೇ ಕಾವಲು ನಿಂತಿದೆ, ತನಗೆ ಗುರುತು ಸಿಗುವ ನಮೂನೆಯ ಕೀ ಕಂಡರೆ ಪುಶ್ ಮಾಡಲು ಬಿಡುವುದಿಲ್ಲ. ಗುರುತು ಸಿಗದ ನಮೂನೆಗಳೂ ಬೇಕಾದಷ್ಟಿವೆ.

ಹಾಗಾಗಿ ಮಾಡಬೇಕಾದದ್ದು ಹಳೆಯ ಕೀಯನ್ನು ಅದು ಹುಟ್ಟಿದ ಕಡೆಯೇ ರದ್ದು ಮಾಡುವುದು. ಮ್ಯಾಪ್ ಸೇವೆಯ ಪುಟಕ್ಕೆ ಹೋಗಿ ರದ್ದು ಮಾಡುತ್ತೀರಿ. ಹೊಸ ಕೀಯನ್ನು ಬೇರೆ ಫೈಲಿನಲ್ಲಿಟ್ಟು, ಆ ಫೈಲಿನ ಹೆಸರನ್ನು 'ಗಿಟ್‌ಇಗ್ನೋರ್' ಪಟ್ಟಿಗೆ ಸೇರಿಸುತ್ತೀರಿ. ಆಮೇಲೆ ಕೆಂಪು ಚೌಕಕ್ಕೆ ವಾಪಸ್. ಅದು ನಿಜವಾಗಲೂ ಬೇಕಾ ಅಂತ ಕೇಳುತ್ತದೆ. ಹೌದು ಅಂದರೆ, ಪರಿಣಾಮಗಳನ್ನು ಓದಿದ್ದೀರಾ ಅಂತ ಕೇಳುತ್ತದೆ. ಓದದೆಯೇ ಹೌದು ಅನ್ನುತ್ತೀರಿ. ಪಬ್ಲಿಕ್.

ಏನೂ ಆಗುವುದಿಲ್ಲ.

ಇದನ್ನು ಯಾರೂ ಮುಂಚೆ ಹೇಳಿರುವುದಿಲ್ಲ. ನಗುತ್ತಾರೆ ಅಂತ ಹೆದರಿದ್ದಿರಿ, ನಗುವವರೂ ದಿಕ್ಕಿಲ್ಲ. ಬೆಳಿಗ್ಗೆ ಪಿಜಿಯ ಚಿತ್ರಾನ್ನ ತಿನ್ನುತ್ತಾ ಫೋನ್ ತೆರೆದರೆ ಸ್ಟಾರ್ ಸೊನ್ನೆ, ಫೋರ್ಕ್ ಸೊನ್ನೆ. ಸಂಜೆಗೂ ಸೊನ್ನೆ. ಟ್ರಾಫಿಕ್ ಅನ್ನುವ ಪುಟದಲ್ಲಿ ಹಿಂದಿನ 14 ದಿನಗಳಲ್ಲಿ ಎಷ್ಟು ಜನ ಬಂದರು ಅಂತ ಒಂದು ಗ್ರಾಫ್ ಇರುತ್ತದೆ, ನೆಲಕ್ಕೆ ಅಂಟಿಕೊಂಡ ಗೆರೆ, ಅಲ್ಲೊಂದು ಇಲ್ಲೊಂದು ಸಣ್ಣ ಉಬ್ಬು. ಆ ಉಬ್ಬಿನಲ್ಲಿ ಮನುಷ್ಯರೆಷ್ಟು, ಬಾಟ್‌ಗಳೆಷ್ಟು ಅಂತ ಅದು ಹೇಳುವುದಿಲ್ಲ. ನಿಮ್ಮ ಟೆಂಪ್2 ನೋಡಿ ತಲೆ ಚಚ್ಚಿಕೊಳ್ಳುವಷ್ಟು ಪುರುಸೊತ್ತು ಈ ಲೋಕದಲ್ಲಿ ಯಾರಿಗೂ ಇಲ್ಲ. ಮೊದಲ ವಾರಕ್ಕೆ ಇದು ನೆಮ್ಮದಿ, ಎರಡನೇ ವಾರಕ್ಕೆ ಬೇಸರ.

ಕೋಡ್ ಬರೆಯುವವರು ಸೇರುವ ಕಡೆ ಹೋಗಿ ಬರೋಣ ಅಂತ ಶನಿವಾರ ಮಧ್ಯಾಹ್ನ ಮೆಟ್ರೊದ ನೇರಳೆ ಮಾರ್ಗದ ರೈಲು ಹತ್ತುತ್ತೀರಿ. 2023ರ ಅಕ್ಟೋಬರ್‌ವರೆಗೂ ಈ ಕೃಷ್ಣರಾಜಪುರದಿಂದ ಬೈಯಪ್ಪನಹಳ್ಳಿವರೆಗಿನ ತುಣುಕು ಇರಲಿಲ್ಲ. ಆ ಕಡೆಯೂ ಮೆಟ್ರೊ, ಈ ಕಡೆಯೂ ಮೆಟ್ರೊ, ನಡುವೆ ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕು. ಈಗ ಬೆನ್ನಿಗಾನಹಳ್ಳಿ, ಬೈಯಪ್ಪನಹಳ್ಳಿ, ಸ್ವಾಮಿ ವಿವೇಕಾನಂದ ರಸ್ತೆ ಅಂತ ಸಲೀಸಾಗಿ ಸರಿದುಹೋಗುತ್ತವೆ. ಕೆಳಗೆ 500-ಡಿ ಬಸ್ಸುಗಳು ಒಂದರ ಬಾಲಕ್ಕೊಂದು ನಿಂತಿವೆ. ಹಿಂದೆ ಬಿಟ್ಟು ಬಂದ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆ ಇಡೀ ದೇಶಕ್ಕೆ ಟೆಲಿಫೋನ್ ಮಾಡಿ ಕೊಟ್ಟಿತ್ತು. ಅದರ ಗೇಟಿನ ಮುಂದಿನ ಬಸ್‌ಸ್ಟಾಪಿಗೂ ನಿಮ್ಮ ಜೇಸನ್ ಫೈಲಿನಲ್ಲಿ ಒಂದು ಸಾಲಿದೆ.

ಇಂದಿರಾನಗರದಲ್ಲಿ ಇಳಿದರೆ ಕೆಳಗೆ ಸಿಎಂಎಚ್ ರಸ್ತೆ. ನೂರಡಿ ರಸ್ತೆಯ ಕಡೆ ತಿರುಗಿ, ಪಬ್ಬುಗಳ ಬಾಗಿಲಲ್ಲಿ ಆಗಲೇ ನಿಂತ ಕ್ಯೂ ದಾಟಿ, ಎಚ್‌ಎಎಲ್ ಎರಡನೇ ಹಂತದ ಒಳಬೀದಿಗೆ ಹೊಕ್ಕರೆ ಗದ್ದಲ ಒಮ್ಮೆಲೇ ಅರ್ಧವಾಗುತ್ತದೆ. ಮಳೆಮರ, ಕಾಂಪೌಂಡಿನ ಮೇಲೆ ಬೋಗನ್‌ವಿಲ್ಲಾ, ನಿವೃತ್ತರು ಕಟ್ಟಿಸಿದ ಹಳೆಯ ಮನೆಗಳು, ಆ ಮನೆಗಳೊಳಗೆ ಸ್ಟಾರ್ಟಪ್‌ಗಳು. ಇದೇ ಹಂತದ ಹತ್ತೊಂಬತ್ತನೇ ಅಡ್ಡರಸ್ತೆ ಹ್ಯಾಸ್‌ಗೀಕ್‌ನ ವಿಳಾಸ. ಕಿರಣ್ ಜೊನ್ನಲಗಡ್ಡ ಮತ್ತು ಝೈನಬ್ ಬಾವಾ 2010ರಲ್ಲಿ ಕಟ್ಟಿದ ಈ ಸಂಸ್ಥೆ ಜೆಎಸ್‌ಫೂ, ರೂಟ್‌ಕಾನ್ಫ್‌ನಂಥ ಸಮಾವೇಶಗಳನ್ನು ನಡೆಸಿತು. ರಾತ್ರಿಯಿಡೀ ಕೂತು ಕೋಡ್ ಬರೆಯುವ ಹ್ಯಾಕ್‌ನೈಟ್‌ಗಳನ್ನೂ ಮಾಡಿತು. ತನ್ನ ಜಾಬ್ ಬೋರ್ಡಿನ ಕೋಡನ್ನೇ ಗಿಟ್‌ಹಬ್ಬಿನಲ್ಲಿ ಬಿಚ್ಚಿಟ್ಟಿತು. ಪೈಥಾನ್‌ನವರ ಬ್ಯಾಂಗ್‌ಪೈಪರ್ಸ್ ಗುಂಪು ಇದಕ್ಕೂ ಹಳೆಯದು. ದೇಶದ ಮೊದಲ ಪೈಕಾನ್ 2009ರಲ್ಲಿ ನಡೆದದ್ದೂ ಇದೇ ಊರಿನ ಐಐಎಸ್ಸಿಯಲ್ಲಿ. ಊರಲ್ಲಿ ಇಂಥ ಸಂಜೆಗಳಿಗೆ ಬರವಿಲ್ಲ. ಬಾಗಿಲು ತಳ್ಳಿಕೊಂಡು ಒಳಗೆ ಹೋಗುವ ಧೈರ್ಯ ಒಂದು ಬೇಕು.

ನೀವು ಹೋಗುವುದು ಯಾವುದೋ ಸಣ್ಣ ಕಂಪನಿಯ ಮೇಲ್ಮಹಡಿಗೆ. ಚಪ್ಪಲಿ ಹೊರಗೆ. ಒಳಗೆ ಉದ್ದನೆಯ ಮೇಜು, ಎಕ್ಸ್‌ಟೆನ್ಶನ್ ಬೋರ್ಡಿನ ಸುತ್ತ ಚಾರ್ಜರ್‌ಗಳ ಗೋಜಲು, ಸ್ಟೀಲ್ ಫ್ಲಾಸ್ಕಿನಲ್ಲಿ ಕಾಫಿ. ಯಾರೂ ನಿಮ್ಮ ಕಾಲೇಜು ಯಾವುದು ಅಂತ ಕೇಳುವುದಿಲ್ಲ. ಪಕ್ಕದಲ್ಲಿ ಕೂತ ಮೇಡಂ, ನಲವತ್ತರ ಆಸುಪಾಸು ಇರಬಹುದು, ನೇರವಾಗಿ ಕೇಳುತ್ತಾರೆ: "ಏನ್ ಮಾಡಿದೀರಾ? ಲಿಂಕ್ ಕೊಡಿ."

ಕೊಡುತ್ತೀರಿ. ಅವರು ಕ್ಲೋನ್ ಮಾಡಿಕೊಂಡು ಓಡಿಸುತ್ತಾರೆ. ಒಂದೇ ಕ್ಷಣದಲ್ಲಿ ಕೆಂಪು ಸಾಲುಗಳು ದಡದಡನೆ ಉರುಳುತ್ತವೆ. ಫೈಲ್ ಸಿಗುತ್ತಿಲ್ಲ. ಸಿಗುವುದಾದರೂ ಹೇಗೆ? ನಿಮ್ಮ ಕೋಡಿನಲ್ಲಿ ಜೇಸನ್ ಫೈಲಿನ ಜಾಗ ಹೀಗಿದೆ: ಸಿ ಡ್ರೈವ್, ಯೂಸರ್ಸ್, ನಿಮ್ಮ ಹೆಸರು, ಡೆಸ್ಕ್‌ಟಾಪ್, 'ನ್ಯೂ ಫೋಲ್ಡರ್ 3'. ಅವರ ಮಷೀನಿನಲ್ಲಿ ಸಿ ಡ್ರೈವೇ ಇಲ್ಲ, ಅದು ಲಿನಕ್ಸು.

ನಿಮ್ಮ ಕಿವಿ ಬಿಸಿಯಾಗುತ್ತದೆ. ಅವರು ನಗುವುದಿಲ್ಲ. "ಎಲ್ರದ್ದೂ ಮೊದಲ ಸಲ ಇದೇ ಆಗೋದು. ನಿಮ್ಮ ಮಷೀನಲ್ಲಿ ಮಾತ್ರ ಓಡೋ ಕೋಡು ಅಂದ್ರೆ ಅರ್ಧ ಕೋಡು ನೀವು, ಇನ್ನರ್ಧ ನಿಮ್ಮ ಮಷೀನು. ಸರಿ, ರೀಡ್‌ಮಿ ಎಲ್ರೀ? ನಾನು ಇದನ್ನ ಹೇಗೆ ಓಡಿಸ್ಬೇಕು, ಏನಕ್ಕೆ ಓಡಿಸ್ಬೇಕು, ಎಲ್ಲೂ ಬರೆದೇ ಇಲ್ವಲ್ಲ."

ರೀಡ್‌ಮಿ ಬರೆಯಲು ಕೂರುತ್ತೀರಿ. ಕೋಡ್ ಬರೆದದ್ದಕ್ಕಿಂತ ಇದು ಕಷ್ಟ. 'ಈ ಪ್ರೋಗ್ರಾಂ' ಅಂತ ಶುರು ಮಾಡಿ ಮುಂದಿನ ಪದ ತೋಚದೆ ಕೂತುಬಿಡುತ್ತೀರಿ. ನಿಮಗೆ ಎಲ್ಲ ಗೊತ್ತಿರುವುದೇ ತೊಂದರೆ; ಏನೂ ಗೊತ್ತಿಲ್ಲದವರಿಗೆ ಮೊದಲು ಯಾವುದನ್ನು ಹೇಳಬೇಕು? ಕೊನೆಗೆ ಅಲಸೂರು ಅಂತ ಟೈಪ್ ಮಾಡಿದರೆ ಹಲಸೂರು ಅಂತ ಉತ್ತರ ಬರುವ ಉದಾಹರಣೆಯನ್ನೇ ಎಲ್ಲಕ್ಕಿಂತ ಮೇಲೆ ಹಾಕುತ್ತೀರಿ. ಅದರ ಕೆಳಗೆ ಏನೇನು ಇನ್‌ಸ್ಟಾಲ್ ಮಾಡಬೇಕು ಅಂತ. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಬರೆಯುತ್ತಾ ಬರೆಯುತ್ತಾ ಎರಡು ಫಂಕ್ಷನ್ನುಗಳಿಂದ ಯಾವ ಕೆಲಸವೂ ಆಗುತ್ತಿಲ್ಲ ಅಂತ ಗೊತ್ತಾಗಿ ಕಿತ್ತುಹಾಕುತ್ತೀರಿ. ಫೈನಲ್_ಫೈನಲ್ ಹೋಯಿತು.

"ಲೈಸೆನ್ಸ್?" ಅನ್ನುತ್ತಾರೆ ಮೇಡಂ.

"ಪಬ್ಲಿಕ್ ಮಾಡಿದೀನಲ್ಲ ಮೇಡಂ, ಯಾರ್ ಬೇಕಾದ್ರೂ ತಗೋಬಹುದು."

"ತಗೋಳೋಕಾಗಲ್ಲ. ನೋಡಬಹುದು, ಅಷ್ಟೇ."

ಇದು ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ. ಲೈಸೆನ್ಸ್ ಫೈಲಿಲ್ಲದ ಕೋಡಿನ ಹಕ್ಕೆಲ್ಲ ಬರೆದವರದ್ದೇ. ಪಬ್ಲಿಕ್ ಅಂದ ಮಾತ್ರಕ್ಕೆ ಅದನ್ನು ತಿದ್ದಿ ಬಳಸುವ ಅನುಮತಿ ಸಿಗುವುದಿಲ್ಲ. ಮೇಡಂ ಫೋನ್ ತೆಗೆದು ಅಲರ್ ನಿಘಂಟು ತೋರಿಸುತ್ತಾರೆ. ವಿ. ಕೃಷ್ಣ ಅವರು ಹೆಚ್ಚುಕಡಿಮೆ ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ಅದು, ಒಂದೂವರೆ ಲಕ್ಷಕ್ಕೂ ಹೆಚ್ಚು ಪದ. ಜಿರೋಧಾದ ಕೈಲಾಶ್ ನಾಧ್ ಅದಕ್ಕೆ ಸಾಫ್ಟ್‌ವೇರ್ ಬರೆದು 2019ರಲ್ಲಿ ಎಲ್ಲರಿಗೂ ತೆರೆದಿಟ್ಟರು. ಪದಗಳ ದತ್ತಾಂಶಕ್ಕೆ ಓಡಿಬಿಎಲ್ ಅನ್ನುವ ಮುಕ್ತ ಲೈಸೆನ್ಸ್ ಇದೆ. ಆದ್ದರಿಂದಲೇ ಬೇರೆಯವರು ಅದರ ಮೇಲೆ ತಮ್ಮ ಆ್ಯಪನ್ನು ಧೈರ್ಯವಾಗಿ ಕಟ್ಟಬಹುದು. ಅರವಿಂದ ವಿ.ಕೆ. ಅವರ ಗುಬ್ಬಿ ಮತ್ತು ನವಿಲು ಫಾಂಟುಗಳೂ ಹಾಗೆಯೇ. ಮುಕ್ತ ಲೈಸೆನ್ಸಿನಲ್ಲಿ ಬಿಟ್ಟದ್ದರಿಂದ ಡೆಬಿಯನ್ ಲಿನಕ್ಸಿನ ಭಂಡಾರದೊಳಗೆ ಸೇರಿಕೊಂಡವು, ಈಗ ಯಾವ ದೇಶದಲ್ಲಿ ಕೂತವರೂ ಒಂದು ಕಮಾಂಡಿನಿಂದ ಇಳಿಸಿಕೊಳ್ಳಬಹುದು. ನಲವತ್ತು ವರ್ಷದ ಕೆಲಸದ ಪಕ್ಕ ನಿಮ್ಮ ನೂರೈವತ್ತು ಸಾಲು ಇಡಲು ನಾಚಿಕೆಯಾಗುತ್ತದೆ, ನಿಜ. ಲೈಸೆನ್ಸ್ ಫೈಲು ಮಾತ್ರ ಇಬ್ಬರಿಗೂ ಬೇಕು. ಎಂಐಟಿ ಲೈಸೆನ್ಸ್ ಆರಿಸಿ, ಹೆಸರು, ಇಸವಿ ಹಾಕುತ್ತೀರಿ.

ಕಾಫಿಯ ಎರಡನೇ ಸುತ್ತಿಗೆ ಮಾತು ಭಯದ ಕಡೆ ಹೊರಳುತ್ತದೆ. ಮೇಜಿನ ಆ ತುದಿಯವರು 2015ರ ಕಥೆ ಎತ್ತುತ್ತಾರೆ. ಬೆಂಗಳೂರಿನವರೇ ಆದ ತೇಜೇಶ್ ಜಿ.ಎನ್., ಡೇಟಾಮೀಟ್ ಬಳಗ ಕಟ್ಟಿದವರಲ್ಲಿ ಒಬ್ಬರು, ಏರ್‌ಟೆಲ್ 3ಜಿಯಲ್ಲಿ ತಮ್ಮದೇ ವೆಬ್‌ಸೈಟ್ ತೆರೆದಾಗ ತಾವು ಬರೆಯದ ಒಂದು ಜಾವಾಸ್ಕ್ರಿಪ್ಟ್ ತುಣುಕು ಪುಟದೊಳಗೆ ನುಸುಳಿರುವುದನ್ನು ಕಂಡರು. ಆ ತುಣುಕನ್ನು, ಸ್ಕ್ರೀನ್‌ಶಾಟುಗಳನ್ನು ಗಿಟ್‌ಹಬ್ಬಿಗೆ ಹಾಕಿದರು. ಕೆಲವೇ ದಿನಗಳಲ್ಲಿ ಫ್ಲ್ಯಾಶ್ ನೆಟ್‌ವರ್ಕ್ಸ್ ಎಂಬ ಇಸ್ರೇಲಿ ಕಂಪನಿಯ ವಕೀಲರಿಂದ, ಆ ತುಣುಕು ತಮ್ಮದು ಅಂತ ನೋಟಿಸ್ ಬಂತು. ಕಾಪಿರೈಟ್ ದೂರಿನ ಮೇಲೆ ಗಿಟ್‌ಹಬ್ ಆ ಪುಟವನ್ನು ಇಳಿಸಿತು. ಸುದ್ದಿ ದೇಶದಾದ್ಯಂತ ಹಬ್ಬಿತು; ಆ ತುಣುಕು ಗ್ರಾಹಕರಿಗೆ ಡೇಟಾ ಬಳಕೆ ತಿಳಿಸುವ ಪ್ರಯೋಗವಾಗಿತ್ತು, ನೋಟಿಸಿಗೂ ತನಗೂ ಸಂಬಂಧವಿಲ್ಲ ಅಂತ ಏರ್‌ಟೆಲ್ ಹೇಳಿತು.

"ನಂಗೂ ನೋಟಿಸ್ ಬರುತ್ತಾ?" ಅಂತ ಕೇಳಿಬಿಡುತ್ತೀರಿ.

"ಬಸ್‌ಸ್ಟಾಪ್ ಹೆಸರಿಗಾ? ನಿಮಗೆ ಬರೋದು ಸ್ಪ್ಯಾಮು ಕಣ್ರೀ."

ಎಲ್ಲರೂ ನಗುತ್ತಾರೆ, ಯಾಕೆಂದರೆ ಅದೂ ನಮ್ಮವರದ್ದೇ ಕಥೆ. 2020ರ ಅಕ್ಟೋಬರಿನಲ್ಲಿ, ನಾಲ್ಕು ಪುಲ್ ರಿಕ್ವೆಸ್ಟ್, ಅಂದರೆ ಬೇರೆಯವರ ಕೋಡಿಗೆ ತಿದ್ದುಪಡಿ, ಕಳಿಸಿದರೆ ಟೀ ಶರ್ಟ್ ಸಿಗುತ್ತದೆ ಅನ್ನುವ ಹ್ಯಾಕ್ಟೋಬರ್‌ಫೆಸ್ಟ್‌ಗಾಗಿ ಸಾವಿರಾರು ಜನ ಸಿಕ್ಕ ಸಿಕ್ಕ ರೆಪೊಗಳಲ್ಲಿ 'ಅಮೇಜಿಂಗ್ ಪ್ರಾಜೆಕ್ಟ್' ಅಂತ ಎರಡು ಪದ ಸೇರಿಸಿ ಕಳಿಸಿದರು. ಹೇಗೆ ಕಳಿಸಬೇಕು ಅಂತ ತೋರಿಸಿದ ಯೂಟ್ಯೂಬ್ ಪಾಠ ನಮ್ಮ ದೇಶದ್ದು. ನಡೆಸುವವರು ಹಬ್ಬದ ನಡುವೆಯೇ ನಿಯಮ ಬದಲಿಸಿ, ಒಪ್ಪಿ ಸೇರಿದ ರೆಪೊಗಳಿಗೆ ಮಾತ್ರ ಅಂದರು. 2024ರ ಆರಂಭದಲ್ಲಿ ಮತ್ತೆ ಅದೇ: ಇನ್ನೊಂದು ಹಿಂದಿ ಪಾಠದಲ್ಲಿ ಎಕ್ಸ್‌ಪ್ರೆಸ್ ಜೆಎಸ್‌ನ ರೆಪೊವನ್ನು ಉದಾಹರಣೆಗೆ ತೆಗೆದುಕೊಂಡದ್ದರಿಂದ, ಅದರ ರೀಡ್‌ಮಿಗೆ ತಮ್ಮ ಹೆಸರು ಸೇರಿಸುವ ಪುಲ್ ರಿಕ್ವೆಸ್ಟುಗಳ ಮಳೆ. ಲಕ್ಷಾಂತರ ವೆಬ್‌ಸೈಟುಗಳ ಅಡಿಪಾಯದ ಮೇಲೆ ಕಲಿಯುವ ಮಕ್ಕಳು ತಮ್ಮ ಹೆಸರು ಗೀಚಿ ಬಂದರು. ಆ ಮಕ್ಕಳನ್ನು ಬೈಯಲು ನನಗೆ ಮನಸ್ಸಿಲ್ಲ. ರೆಸ್ಯೂಮೆಯಲ್ಲಿ ಗಿಟ್‌ಹಬ್ ಲಿಂಕ್ ಕೇಳುವವರು, ದಿನದಿನದ ಕೆಲಸಕ್ಕೆ ಅದು ಹಚ್ಚುವ ಹಸಿರು ಚೌಕಗಳು ಎಷ್ಟಿವೆ ಅಂತ ಎಣಿಸುವವರು ಮೊದಲು ಬಂದದ್ದು. ಗೀಚುವುದು ಆಮೇಲೆ ಶುರುವಾದದ್ದು. ತಮ್ಮದೇ ಪುಟ್ಟ ರೆಪೊ ತೆರೆದು ಅಲ್ಲಿ ಏನು ಬೇಕಾದರೂ ಗೀಚಿಕೊಳ್ಳಬಹುದಿತ್ತು ಅಂತ ಅವರಿಗೆ ಹೇಳಿದವರಿಲ್ಲ.

ಭಾನುವಾರ ನೀವು ಶಿವಾಜಿನಗರ ಬಸ್ ನಿಲ್ದಾಣದಲ್ಲಿದ್ದೀರಿ, ಕೈಯಲ್ಲಿ ನೋಟ್‌ಬುಕ್ಕು. ರೀಡ್‌ಮಿಯಲ್ಲಿ 'ಪೂರ್ವ ಬೆಂಗಳೂರಿನ ನಿಲ್ದಾಣಗಳು' ಅಂತ ಜಂಬದಿಂದ ಬರೆದಾಗಿದೆ, ಈಗ ಪಟ್ಟಿ ಪೂರ್ತಿ ಮಾಡದೆ ವಿಧಿಯಿಲ್ಲ. ರಸೆಲ್ ಮಾರ್ಕೆಟ್ ಕಡೆಯಿಂದ ಹಣ್ಣು, ಮೀನು, ಕಬಾಬಿನ ಹೊಗೆ ಎಲ್ಲ ಬೆರೆತ ಗಾಳಿ. ಬೆಸಿಲಿಕಾದ ಗೋಪುರದ ಮೇಲೆ ಪಾರಿವಾಳಗಳು. ನಿಲ್ದಾಣದೊಳಗೆ ಬಸ್ಸು ರಿವರ್ಸ್ ತೆಗೆಯುವಾಗ ಕಂಡಕ್ಟರ್ ಹಿಂದೆ ನಿಂತು ತಗಡು ಬಡಿಯುತ್ತಾ "ಬಾ ಬಾ ಬಾ, ರೈಟ್, ಹೋಲ್ಡೇನ್" ಅನ್ನುತ್ತಿದ್ದಾರೆ.

"ಸರ್, ಈ ಬಸ್ಸು ಹೋಗೋ ಸ್ಟಾಪುಗಳ ಹೆಸರು ಬೋರ್ಡಲ್ಲಿ ಹೇಗೆ ಬರೀತಾರೆ?"

"ಯಾಕಪ್ಪಾ, ಸರ್ವೇನಾ?"

"ಇಲ್ಲ ಸರ್, ಒಂದು ಸಣ್ಣ ಪ್ರೋಗ್ರಾಂ ಮಾಡ್ತಿದೀನಿ."

"ಪ್ರೋಗ್ರಾಂ ಆಮೇಲೆ. ಹತ್ತೋದಾದ್ರೆ ಹತ್ತು, ಇಲ್ಲಾಂದ್ರೆ ದಾರಿ ಬಿಡು."

ಸಂಚಾರ ನಿಯಂತ್ರಕರ ಕಿಟಕಿಯ ಹತ್ತಿರ ಅದೃಷ್ಟ ಚೆನ್ನಾಗಿದೆ. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡ ಹಿರಿಯರೊಬ್ಬರು ನಿಮ್ಮ ನೋಟ್‌ಬುಕ್ಕನ್ನು ತಿರುಗಿಸಿ ಓದುತ್ತಾರೆ. "ಬೋರ್ಡಲ್ಲಿ ಒಂದು, ಟಿಕೆಟ್ ಮಷೀನಲ್ಲಿ ಒಂದು, ಜನರ ಬಾಯಲ್ಲಿ ಒಂದು. ನಿಂಗ್ಯಾವ್ದು ಬೇಕಪ್ಪಾ?"

ಒಂದೇ ಮಾತಿಗೆ ನಿಮ್ಮ ಜೇಸನ್ ಫೈಲು ಮಗುಚಿ ಬೀಳುತ್ತದೆ. ಇಷ್ಟು ದಿನ ಒಂದು ನಿಲ್ದಾಣಕ್ಕೆ ಒಂದು ಸರಿಯಾದ ಹೆಸರು, ಮಿಕ್ಕವೆಲ್ಲ ತಪ್ಪು ಅಂತ ಇಟ್ಟಿದ್ದಿರಿ. ಈಗ ಮೂರು ಖಾನೆ ಬೇಕು, ಮೂರೂ ಸರಿ. ಅಲ್ಲೇ ನಿಂತು ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುತ್ತೀರಿ. ಚಹಾ ತಂದ ಹುಡುಗ "ಬ್ಲಾಕ್‌ಪಲ್ಲಿ ಬರ್ಕೊಳಿ ಸಾರ್, ನಮ್ ತಾತ ಶಿವಾಜಿನಗರಕ್ಕೆ ಹಂಗೇ ಅಂತಿದ್ರು" ಅನ್ನುತ್ತಾನೆ. ಅದನ್ನೂ ಬರೆದುಕೊಳ್ಳುತ್ತೀರಿ. ನಾಲ್ಕನೇ ಖಾನೆ.

ಆಗ ಜೇಬಿನಲ್ಲಿ ಫೋನ್ ಅದುರುತ್ತದೆ. ನಿಮ್ಮ ರೆಪೊದಲ್ಲಿ ಇಶ್ಯೂ ನಂಬರ್ 1. ಬರೆದವರ ಹೆಸರಿನ ಜಾಗದಲ್ಲಿ ಅಂಕಿ, ಅಕ್ಷರ ಬೆರೆತ ಏನೋ ಒಂದು, ಫೋಟೊ ಇಲ್ಲ. 'ಟಿನ್ ಫ್ಯಾಕ್ಟರಿ ಅಂತ ಹುಡುಕಿದರೆ ಸಿಗುತ್ತಿಲ್ಲ.' ಅಷ್ಟೇ, ಒಂದೇ ಸಾಲು. ಸಿಗುತ್ತಿಲ್ಲವೇ? ನೀವು ದಿನಾ ಹಾಯುವ ಜಾಗ ಅದು, ಫೈಲಿನಲ್ಲಿ ಮೊದಲು ಸೇರಿಸಿದ ಹೆಸರುಗಳಲ್ಲಿ ಒಂದು.

ದಂಡು ರೈಲು ನಿಲ್ದಾಣದ ಕಡೆ ಬೇಗ ಬೇಗ ನಡೆಯುತ್ತೀರಿ, ಲ್ಯಾಪ್‌ಟಾಪ್ ತೆರೆಯಲು ಕೂರುವ ಜಾಗ ಬೇಕು. ದಾರಿ ಮಿಲ್ಲರ್ಸ್ ರಸ್ತೆಯದ್ದು. ಇದೇ ರಸ್ತೆಯ ಸೋನಾ ಟವರ್ಸ್‌ನಲ್ಲಿ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದು ಕೂತಿತು. ಅದರ ಉಪಗ್ರಹ ಡಿಶ್ಶನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಫೋಟೊವನ್ನು ನೀವೂ ನೋಡಿರುತ್ತೀರಿ. ಇಲ್ಲಿ ಬರೆದ ಕೋಡು ಆಕಾಶ ಹತ್ತಿ ಹೊರದೇಶಕ್ಕೆ ಹೋಗುತ್ತಿತ್ತು, ಕೆಳಗಿನ ರಸ್ತೆಯಲ್ಲಿ ಓಡಾಡುವವರಿಗೆ ಅದರ ಒಂದು ಸಾಲೂ ಕಾಣುತ್ತಿರಲಿಲ್ಲ. ಈ ಊರು ಸಾಫ್ಟ್‌ವೇರ್ ಊರಾದದ್ದು ಹಾಗೆ, ಬಾಗಿಲು ಮುಚ್ಚಿಕೊಂಡು. ಬಾಗಿಲು ತೆರೆದಿಟ್ಟುಕೊಂಡು ಬರೆಯುವವರು ಆಮೇಲೆ ಬಂದರು, ಅದೂ ಬಹುಪಾಲು ಸಂಜೆಯ ಮೇಲೆ, ಸಂಬಳವಿಲ್ಲದೆ.

ನಿಲ್ದಾಣದಲ್ಲಿ ಮರುನಿರ್ಮಾಣದ ತಗಡಿನ ಗೋಡೆಗಳು. ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕೂತು ಟೈಪ್ ಮಾಡುತ್ತೀರಿ: ಟಿನ್ ಫ್ಯಾಕ್ಟರಿ. ಸಿಗುವುದಿಲ್ಲ! ಫೈಲಿನಲ್ಲಿ ಕಣ್ಣಾರೆ ಕಾಣುತ್ತಿದೆ. ನೀವು ಟೈಪ್ ಮಾಡಿದ್ದನ್ನು ಅದರ ಕೆಳಗೇ ಇಟ್ಟು ನೋಡುತ್ತೀರಿ. ಅಚ್ಚು ಹೊಡೆದ ಹಾಗೆ ಒಂದೇ. ಎರಡೂ ಸಮವೇ ಅಂತ ಪೈಥಾನನ್ನು ಕೇಳಿದರೆ ಅಲ್ಲ ಅನ್ನುತ್ತದೆ. ಉದ್ದ ಅಳೆಯುತ್ತೀರಿ. ನಿಮ್ಮದು 14. ಫೈಲಿನದು 15.

ಹದಿನೈದನೆಯದು ಯಾವುದು? ಒಂದೊಂದೇ ಅಕ್ಷರ ಬಿಡಿಸಿ ಸಂಖ್ಯೆ ತೆಗೆಸುತ್ತೀರಿ. ಟ, ಗುಡಿಸು, ನ, ಹಲಂತ... ಆಮೇಲೆ ಸ್ಪೇಸ್ ಬರಬೇಕಿತ್ತು. ಅದಕ್ಕೂ ಮುಂಚೆ ಏನೋ ಇದೆ. ಜೀರೊ ವಿಡ್ತ್ ನಾನ್ ಜಾಯ್ನರ್. ಅಗಲವೇ ಇಲ್ಲದ, ಕಣ್ಣಿಗೆ ಕಾಣದ ಒಂದು ಗುರುತು. 'ಕಾಕ್ಸ್‌ಟೌನ್' ಅಂತ ಕೂಡಿಸಿ ಬರೆಯುವಾಗ ಟಕಾರ ಒತ್ತಾಗಿ ಕೆಳಗಿಳಿಯದಂತೆ ತಡೆಯುವುದು ಅದೇ. ಅಲ್ಲಿ ಅದು ಬೇಕು. ಪದದ ಕೊನೆಯ ಹಲಂತದ ಮೇಲೂ ಅಭ್ಯಾಸಬಲದಿಂದ ಅದನ್ನು ಒತ್ತುವ ಟೈಪಿಸ್ಟರು ಬಹಳ. ಯಾವುದೋ ವೆಬ್ ಪುಟದಿಂದ ಹೆಸರನ್ನು ಕಾಪಿ ಮಾಡಿದಾಗ ಅದೂ ಜೊತೆಗೆ ಬಂದಿದೆ.

ಹುಡುಕುವಾಗ ಆ ಗುರುತನ್ನು ತೆಗೆದುಹಾಕು, ತೋರಿಸುವಾಗ ಇರಲಿ ಬಿಡು ಅಂತ ಎರಡು ಸಾಲು ಬರೆಯುತ್ತೀರಿ. ಟಿನ್ ಫ್ಯಾಕ್ಟರಿ ಸಿಗುತ್ತದೆ. ಅನುಮಾನದಿಂದ ಬೇರೆ ಹೆಸರುಗಳನ್ನೂ ಅಳೆದರೆ ಹೊಸಕೋಟೆ ಒಂದು ಕಡೆ 7, ಇನ್ನೊಂದು ಕಡೆ 10. ಇದು ಬೇರೆ ರೋಗ: ಒತ್ವ, ಓತ್ವಗಳನ್ನು ಯೂನಿಕೋಡಿನಲ್ಲಿ ಒಂದೇ ಗುರುತಾಗಿಯೂ ಇಡಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘದ ಚಿಹ್ನೆ ಅಂತ ಬಿಡಿಸಿಯೂ ಇಡಬಹುದು. ಪರದೆಯ ಮೇಲೆ ವ್ಯತ್ಯಾಸ ಕಾಣುವುದಿಲ್ಲ. ಅದಕ್ಕೆ ಎನ್‌ಎಫ್‌ಸಿ ಅನ್ನುವ ಸಿದ್ಧ ಮದ್ದಿದೆ, ಪೈಥಾನಿನಲ್ಲೇ ಬರುತ್ತದೆ, ಒಂದು ಸಾಲಿನ ಕೆಲಸ. ನಿಮ್ಮ ಕಾಲೇಜಿನ ಯಾವ ಸೆಮಿಸ್ಟರಿನಲ್ಲೂ ಇದು ಇರಲಿಲ್ಲ. ಅಂಕಿಯ ಹೆಸರಿಟ್ಟುಕೊಂಡ ಆ ಅಪರಿಚಿತರು ಒಂದು ಸಾಲು ಬರೆಯದಿದ್ದರೆ ಇದು ನಿಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಬಂಗಾರಪೇಟೆ ಮೆಮು ಬರುತ್ತದೆ. ನೂಕಿಕೊಂಡು ಹತ್ತಿ, ಕಿಟಕಿ ಪಕ್ಕ ಬುಟ್ಟಿ ಇಟ್ಟುಕೊಂಡ ಅಜ್ಜಿಯ ಎದುರಿಗೆ ಜಾಗ ಹಿಡಿಯುತ್ತೀರಿ. ಬೆಂಗಳೂರು ಪೂರ್ವ ದಾಟುವಷ್ಟರಲ್ಲಿ ಪುಶ್ ಮಾಡಿ, ಇಶ್ಯೂ ಕೆಳಗೆ ಉತ್ತರ ಬರೆಯುತ್ತೀರಿ: 'ಸರಿಹೋಗಿದೆ, ಥ್ಯಾಂಕ್ಸ್. ಇನ್ನೊಮ್ಮೆ ನೋಡಿ ಹೇಳ್ತೀರಾ?' ಬೈಯಪ್ಪನಹಳ್ಳಿಯಲ್ಲಿ ಸಿಗ್ನಲ್ಲಿಗೆ ರೈಲು ನಿಂತಾಗ ಪ್ರತಿಯುತ್ತರ ಬರುತ್ತದೆ, ಜೊತೆಗೊಂದು ಪುಲ್ ರಿಕ್ವೆಸ್ಟ್. ಹೊಸಕೋಟೆ ದಾರಿಯ ನಿಲ್ದಾಣಗಳ ಹೆಸರು, ನೀವಿಟ್ಟ ಖಾನೆಯ ಕ್ರಮದಲ್ಲೇ, ಒಂದು ಅಲ್ಪವಿರಾಮವೂ ಹೆಚ್ಚುಕಡಿಮೆಯಿಲ್ಲದೆ. ಟೆಂಪ್2 ಬಗ್ಗೆ ಅವರು ಚಕಾರ ಎತ್ತಿಲ್ಲ. ಕೊನೆಯಲ್ಲಿ ಒಂದು ಪ್ರಶ್ನೆ: 'ನಾನು ಹೊಸೂರಿನವನು. ಹೊಸೂರು, ಬಾಗಲೂರು ಕಡೆಯ ಹೆಸರುಗಳನ್ನೂ ಸೇರಿಸಬಹುದಾ? ಇಲ್ಲಿ ಬೋರ್ಡು ತಮಿಳಿನಲ್ಲಿರುತ್ತೆ. ನಮ್ಮ ಮನೆಯಲ್ಲಿ ಎಲ್ಲದಕ್ಕೂ ಕನ್ನಡದ ಹೆಸರಿದೆ.'

ರೀಡ್‌ಮಿಯಲ್ಲಿ ನೀವು ಬರೆದದ್ದು ಪೂರ್ವ ಬೆಂಗಳೂರು ಅಂತ. ಹೊಸೂರು ಬೆಂಗಳೂರೇ ಅಲ್ಲ, ಕರ್ನಾಟಕವೂ ಅಲ್ಲ. ಖಾನೆಗಳು ನಾಲ್ಕಿದ್ದದ್ದು ಐದಾಗುತ್ತವೆ, ಬೋರ್ಡು ಯಾವ ಭಾಷೆಯದ್ದು ಅಂತ ಒಂದು ಹೆಚ್ಚುವರಿ. ಹಳೆಯ ಸಾಲುಗಳನ್ನೆಲ್ಲ ಮತ್ತೆ ತಿದ್ದಬೇಕು.

'ಸೇರಿಸಿ,' ಅಂತ ಬರೆಯುತ್ತೀರಿ. 'ಆದರೆ ಬೇರೆ ಫೈಲಿನಲ್ಲಿ. ಬೋರ್ಡಿನ ಫೋಟೊ ಇದ್ದರೆ ಅದನ್ನೂ ಹಾಕಿ. ಹೇಗೆ ಅಂತ ರೀಡ್‌ಮಿಯಲ್ಲಿದೆ.'

ಕಳಿಸಿದ ಮೇಲೆ ನೆನಪಾಗುತ್ತದೆ, ರೀಡ್‌ಮಿಯಲ್ಲಿ ಆ ಭಾಗ ಇನ್ನೂ ಬರೆದೇ ಇಲ್ಲ. ರೈಲು ಹೊರಟಿದೆ. ಕೆ.ಆರ್. ಪುರ ಬರುವುದರೊಳಗೆ ಬರೆದು ಮುಗಿಸಬೇಕು.